ಎಣ್ಣೆಯ ತೊಟ್ಟು: ಮೋಟಾರು ಸೈಕಲ್ಲಿನ ಕ್ಲಚ್ಚಿನ ಸೋರಿಕೆಯೂ ಅದರ ಪರಿಹಾರವೂ

ಹನಿಗೂಡಿದರೆ ಹಳ್ಳವೆಂಬುದು ನಮ್ಮ ಹಿರಿಯರ ಮಾತು. ಹನಿ ಹನಿಯಾಗಿ ಕಳೆದುದೂ ಒಂದು ದಿನ ದೊಡ್ಡ ನಷ್ಟವಾಗುವುದೆಂಬುದು ಆ ಮಾತಿನ ಇನ್ನೊಂದು ಮುಖ. ಮನೆಯ ಹಂಡೆಯು ಸೋರಿದರೆ ಗೃಹಿಣಿಯು ಅಂದೇ ಬೆಸುಗೆ ಹಾಕಿಸುವಳು. ಅಂಗಳದಲ್ಲಿ ನಿಂತ ಮೋಟಾರು ಸೈಕಲ್ಲಿನ ಕೆಳಗೆ ಎಣ್ಣೆಯ ಕಲೆಯು ದಿನೇ ದಿನೇ ಹಿಗ್ಗುತ್ತಿದ್ದರೂ ಗೃಹಸ್ಥನು ಕಂಡೂ ಕಾಣದವನಂತಿರುವನು.

ಕೋಲಾರದ ಚಿನ್ನದ ಗಣಿಯ ಊರುಗಳಲ್ಲಿ ಈ ಉದಾಸೀನಕ್ಕೆ ತೆರುವ ಬೆಲೆ ಹೆಚ್ಚು. 2001ನೆಯ ಇಸವಿಯಲ್ಲಿ ಗಣಿಗಳು ಮುಚ್ಚಿದ ಬಳಿಕ ಅಲ್ಲಿನ ಅನೇಕರಿಗೆ ಬೆಂಗಳೂರಿನ ದುಡಿಮೆಯೇ ಆಧಾರ. ಬಂಗಾರಪೇಟೆಯಿಂದ ಮಾರಿಕುಪ್ಪಮ್ಮಿಗೆ 1894ರಲ್ಲಿ ತೆರೆದ ರೈಲುಹಾದಿಯಲ್ಲಿಯೇ ಕೋರಮಂಡಲ್ ನಿಲ್ದಾಣವಿರುವುದು. ನಸುಕಿನ ರೈಲು ತಪ್ಪಿದರೆ ಅಂದಿನ ಕೂಲಿಯೂ ತಪ್ಪಿದಂತೆಯೇ. ನಮ್ಮ ನೆರೆಯವರೊಬ್ಬರಿಗೆ ಹಾಗೆಯೇ ಆಯಿತು. ಅವರ ಹಳೆಯ ಬುಲೆಟ್ ಗಾಡಿಯು ತಿಂಗಳುಗಟ್ಟಲೆ ತೊಟ್ಟಿಕ್ಕುತ್ತಿದ್ದಿತು. ಒಂದು ಬೆಳಗ್ಗೆ ನಿಲ್ದಾಣದ ಏರಿನಲ್ಲಿ ಎಂಜಿನ್ನು ಗರ್ಜಿಸಿತೇ ಹೊರತು ಗಾಡಿಯು ಮುಂದಕ್ಕೆ ಸಾಗಲಿಲ್ಲ. ಬಿಚ್ಚಿ ನೋಡಲಾಗಿ, ಕ್ಲಚ್ಚಿನ ಪೆಟ್ಟಿಗೆಯಲ್ಲಿ ಎಣ್ಣೆಯಿಲ್ಲದೆ ಬಿಲ್ಲೆಗಳು ಬಿಸಿಯೇರಿ ಸವೆದು ಹೋಗಿದ್ದುವು. ಕೆಲವೇ ರೂಪಾಯಿಯ ರಬ್ಬರು ಬಳೆಯಿಂದ ಮುಗಿಯಬೇಕಾದುದು ಬಹು ದೊಡ್ಡ ಖರ್ಚಿಗೆ ಬಂದಿತು.

ಮೊದಲು ಯಂತ್ರದ ರಚನೆಯನ್ನು ತಿಳಿಯತಕ್ಕದ್ದು. ಮದ್ರಾಸಿನಲ್ಲಿ 1955ರಲ್ಲಿ ಸ್ಥಾಪಿತವಾದ ಎನ್‌ಫೀಲ್ಡ್ ಇಂಡಿಯಾ ಸಂಸ್ಥೆಯ ಹಳೆಯ ಬುಲೆಟ್ಟುಗಳಲ್ಲಿ ಎಂಜಿನ್ನು, ಗೇರುಪೆಟ್ಟಿಗೆ, ಕ್ಲಚ್ಚಿನ ಪೆಟ್ಟಿಗೆ ಎಂಬ ಮೂರಕ್ಕೂ ಪ್ರತ್ಯೇಕವಾದ ಎಣ್ಣೆಯುಂಟು. ಎಡಪಕ್ಕದ ಉದ್ದನೆಯ ಪೆಟ್ಟಿಗೆಯಲ್ಲಿ ಕ್ಲಚ್ಚೂ, ಎಂಜಿನ್ನಿನ ಬಲವನ್ನು ಅದಕ್ಕೆ ಮುಟ್ಟಿಸುವ ಸರಪಣಿಯೂ ಎಣ್ಣೆಯಲ್ಲಿ ಮಿಂದು ತಿರುಗುವುವು. ಅದರ ಹೊರ ಮುಚ್ಚಳವನ್ನು ನಡುವಿನ ಒಂದೇ ನಟ್ಟು ಹಿಡಿದಿರುವುದು. ಅಂಚಿನ ಸುತ್ತ ರಬ್ಬರಿನ ಬಳೆಯಿರುವುದು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಗಾಡಿಗಳಲ್ಲಿಯಾದರೋ ಕ್ಲಚ್ಚಿಗೂ ಗೇರಿಗೂ ಒಂದೇ ಎಣ್ಣೆ. ಆದುದರಿಂದ ಅಲ್ಲಿ ಸೋರಿಕೆಯಾದರೆ ಗೇರಿನ ಹಲ್ಲುಗಳಿಗೂ ಕೇಡು.

ಎಣ್ಣೆಯು ಎಲ್ಲಿಂದ ಹೊರಟರೂ ತಗ್ಗಿಗೆ ಇಳಿದು ಅಲ್ಲಿಂದಲೇ ತೊಟ್ಟಿಕ್ಕುವುದು. ತೊಟ್ಟು ಬೀಳುವ ಸ್ಥಳವೇ ಸೋರುವ ಸ್ಥಳವೆಂದು ನಂಬಬಾರದು. ಗಣಿಯಲ್ಲಿ ಪಂಪುಗಳ ಕೆಲಸ ಮಾಡಿ ನಿವೃತ್ತರಾದ ಹಿರಿಯರೊಬ್ಬರು ನಮಗೆ ಹೇಳಿಕೊಟ್ಟ ಉಪಾಯವು ಸರಳವಾದುದು. ಎಂಜಿನ್ನು ತಣ್ಣಗಾದ ಮೇಲೆ ಪೆಟ್ಟಿಗೆಯನ್ನು ಸೀಮೆ ಎಣ್ಣೆಯಿಂದ ತೊಳೆದು ಚೆನ್ನಾಗಿ ಒರಸಿ, ಒಣಗಿದ ಮೇಲೆ ಸೀಮೆಸುಣ್ಣದ ಪುಡಿಯನ್ನು ತೆಳ್ಳಗೆ ಹಚ್ಚಿ, ನಾಲ್ಕಾರು ಮೈಲಿ ಓಡಿಸಿ ತರಬೇಕು. ಬಿಳಿಯ ಪುಡಿಯು ಎಲ್ಲಿ ಮೊದಲು ಒದ್ದೆಯಾಗುವುದೋ ಅದೇ ರೋಗದ ಮೂಲ. “ನಮ್ಮೂರಿನಲ್ಲಿ ಸುಣ್ಣವೂ ಬೇಡ, ಗಾಳಿಯ ಕಾಲದಲ್ಲಿ ಸೈನೈಡ್ ದಿಬ್ಬದ ಧೂಳೇ ಸಾಕು” ಎಂದು ಅವರು ನಗುತ್ತಿದ್ದರು.

ಮುಚ್ಚಳದ ಅಂಚಿನಲ್ಲಿ ಒದ್ದೆ ಕಂಡರೆ ರಬ್ಬರು ಬಳೆಯು ಗಡುಸಾಗಿದೆ, ಇಲ್ಲವೆ ಅಂಚು ಬಾಗಿದೆ. ನಡುವಿನ ನಟ್ಟಿನ ಸುತ್ತ ಕಂಡರೆ ಅದರ ವಾಷರು ಕೆಟ್ಟಿದೆ. ಕ್ಲಚ್ಚಿನ ಹಿಂದೆ, ಗೇರುಪೆಟ್ಟಿಗೆಯ ಕಡೆಗೆ ಕಂಡರೆ ಒಳಗಿನ ಎಣ್ಣೆತಡೆಯನ್ನು ಸಂಶಯಿಸಬೇಕು. ಪೆಟ್ಟಿಗೆಯ ಎಣ್ಣೆಯು ಕಡಿಮೆಯಾಗುವುದಕ್ಕೆ ಬದಲಾಗಿ ಏರುತ್ತಿದ್ದರೆ, ಎಂಜಿನ್ನಿನ ಎಣ್ಣೆಯು ಒಳಗಿನಿಂದ ನುಸುಳಿ ಬರುತ್ತಿರಬಹುದು. ಕಡೆಯ ಎರಡು ರೋಗಗಳಿಗೆ ಕ್ಲಚ್ಚನ್ನೇ ಕಳಚಬೇಕಾಗುವುದರಿಂದ ಬಲ್ಲ ಕೆಲಸಗಾರನ ಕೈಗೆ ಒಪ್ಪಿಸುವುದು ಲೇಸು.

ಮೊದಲಿನೆರಡನ್ನು ಮನೆಯಲ್ಲಿಯೇ ಸರಿಪಡಿಸಬಹುದು. ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಕೆಳಗೆ ಅಗಲವಾದ ತಟ್ಟೆಯನ್ನಿಡಿರಿ. ಎಡಗಡೆಯ ಕಾಲುಮೆಟ್ಟನ್ನೂ ಬ್ರೇಕಿನ ಮೆಟ್ಟನ್ನೂ ತೆಗೆದು, ನಡುವಿನ ನಟ್ಟನ್ನು ಬಿಚ್ಚಿದರೆ ಮುಚ್ಚಳವು ಎಣ್ಣೆಯೊಡನೆ ಕೈಗೆ ಬರುವುದು. ಹಳೆಯ ಬಳೆಯನ್ನು ಕಿತ್ತು, ಅದರ ಗಾಡಿಯನ್ನೂ ಎರಡು ಅಂಚುಗಳನ್ನೂ ಬಟ್ಟೆಯಿಂದ ಶುದ್ಧಮಾಡಿರಿ. ಚೂಪಾದ ಉಕ್ಕಿನಿಂದ ಕೆರೆಯಬೇಡಿರಿ, ಗೀರು ಬಿದ್ದರೆ ಅದೇ ಹೊಸ ಕಾಲುವೆಯಾಗುವುದು. ಮುಚ್ಚಳವನ್ನು ಕನ್ನಡಿಯ ಗಾಜಿನ ಮೇಲೆ ಬೋರಲಿಟ್ಟು ಅಂಚು ಸಮವಾಗಿದೆಯೇ ಎಂದು ನೋಡಿರಿ. ಹೊಸ ಬಳೆಯನ್ನು ತಿರುಚದಂತೆ ಕೂರಿಸಿ, ಮುಚ್ಚಳವನ್ನಿಟ್ಟು ನಟ್ಟನ್ನು ಹದವಾಗಿ ಬಿಗಿಯಿರಿ.

ಹದವೆಂಬ ಮಾತನ್ನು ಮರೆಯಬಾರದು. ಸೋರಿದಾಗಲೆಲ್ಲ ಇನ್ನೊಂದು ಸುತ್ತು ಬಿಗಿಯುವುದೇ ಸಾಮಾನ್ಯರ ಚಿಕಿತ್ಸೆ. ಅದರಿಂದ ಮುಚ್ಚಳವು ಬಾಗಿ ಸೋರಿಕೆಯು ಇಮ್ಮಡಿಯಾಗುವುದು. ಎಣ್ಣೆಯನ್ನು ತುಂಬುವಾಗಲೂ ಹಾಗೆಯೇ: ಮಟ್ಟದ ತಿರುಪನ್ನು ತೆಗೆದು, ಆ ರಂಧ್ರದಿಂದ ಎಣ್ಣೆಯು ಜಿನುಗುವವರೆಗೆ ಮಾತ್ರ ಹಾಕಿ, ಹೆಚ್ಚಾದುದು ಹರಿದುಹೋದ ಬಳಿಕ ತಿರುಪನ್ನು ಮುಚ್ಚಿರಿ. ಮೋಟಾರು ಕಾರುಗಳಿಗೆಂದು ಮಾಡಿದ, ಘರ್ಷಣೆಯನ್ನು ತಗ್ಗಿಸುವ ದ್ರವ್ಯಗಳನ್ನು ಬೆರೆಸಿದ ಎಣ್ಣೆಯನ್ನು ಹಾಕಿದರೆ ಕ್ಲಚ್ಚು ಜಾರುವುದು. ತಯಾರಕರ ಕೈಪಿಡಿಯಲ್ಲಿ ಹೇಳಿದುದೇ ಯೋಗ್ಯ.

ಕಡೆಯದಾಗಿ ಒಂದು ಎಚ್ಚರಿಕೆ. ಎಡಪಕ್ಕದಿಂದ ಸೋರಿದ ಎಣ್ಣೆಯು ಗಾಳಿಗೆ ಹಾರಿ ಹಿಂದಿನ ಚಕ್ರದ ಟಯರಿಗೆ ತಗಲಬಹುದು. ಮಕ್ಕಳನ್ನು ಹಿಂದೆ ಕೂರಿಸಿಕೊಂಡು ತಿರುವಿನಲ್ಲಿ ಬ್ರೇಕು ಹಾಕುವ ತಂದೆಯು ಇದನ್ನು ನೆನೆದರೆ ಸಾಕು, ಮತ್ತೊಂದು ಉಪದೇಶವು ಬೇಕಿಲ್ಲ. ತೆಗೆದ ಹಳೆಯ ಎಣ್ಣೆಯನ್ನು ಚರಂಡಿಗಾಗಲಿ ಬಾವಿಯ ಬಳಿಯಾಗಲಿ ಚೆಲ್ಲದೆ, ಡಬ್ಬಿಯಲ್ಲಿ ತುಂಬಿ ಅದನ್ನು ಕೊಳ್ಳುವವರಿಗೆ ಕೊಡತಕ್ಕದ್ದು.

ನಮ್ಮ ನೆರೆಯವರು ಈಗ ಪ್ರತಿ ಭಾನುವಾರವೂ ಗಾಡಿಯ ಕೆಳಗೆ ಒಂದು ಹಳೆಯ ವೃತ್ತಪತ್ರಿಕೆಯನ್ನು ಹಾಸುವರು. ಸಂಜೆಗೆ ಅದು ಕಲೆಯಿಲ್ಲದೆ ಇದ್ದರೆ, ಸೋಮವಾರದ ರೈಲಿಗೆ ಹೊರಡಲು ಅವರಿಗೆ ಚಿಂತೆಯಿಲ್ಲ.