ಎದೆಯ ಬಾಗಿಲಿನ ಬರಹ

ರಬಕವಿ-ಬನಹಟ್ಟಿಯ ನೇಕಾರರ ಓಣಿಯಿಂದ ಜಮಖಂಡಿಯ ನಮ್ಮ ಕಾಲೇಜಿಗೆ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತು. ತರಗತಿಗೆ ತಡವಾಗಿ ಬಂದುದಕ್ಕೆ ಸೋಮಾರಿಯೆಂದು ನಾನು ಒಮ್ಮೆ ಗದರಿಸಿದ್ದೂ ಉಂಟು. ಮುಂದೆ ಅವಳು ಬರುವುದೇ ನಿಂತಿತು. ಒಂದು ಸಂಜೆ ಅವಳ ತಾಯಿ ಆಸ್ಪತ್ರೆಯ ಕಾಗದವೊಂದನ್ನು ನನ್ನ ಮುಂದಿಟ್ಟು, "ನೀವು ಓದಿದವ್ರು. ಇದ್ರಾಗ ನಮ್ಮ ಹುಡುಗಿ ಹಣೇಬಾರ ಏನೈತಿ, ಹೇಳ್ರಿ ಸರ" ಎಂದರು.

ರನ್ನನ ಮುಧೋಳದ ನೆರೆಯಲ್ಲಿದ್ದು ಹಳಗನ್ನಡ ಓದಿಸುವ ನನಗೆ ಆ ಬರಹ ತಿಳಿಯಲಿಲ್ಲ. ವೈದ್ಯಮಿತ್ರರೊಬ್ಬರಿಂದ ಕಲಿತುದನ್ನು ಓದುಗರಲ್ಲಿ ಅರಿಕೆ ಮಾಡುತ್ತೇನೆ.

ಅದು ಎಕೋ ಪರೀಕ್ಷೆಯ ವರದಿ. ಕಿವಿಗೆ ಕೇಳದ ಧ್ವನಿಯನ್ನು ಎದೆಯೊಳಗೆ ಕಳುಹಿಸಿ, ಮರಳುವ ಪ್ರತಿಧ್ವನಿಯಿಂದ ಹೃದಯದ ಚಿತ್ರ ಮೂಡಿಸುವ ವಿಧಾನವಿದು. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಎಡ್ಲರ್ ಮತ್ತು ಭೌತವಿಜ್ಞಾನಿ ಹರ್ಟ್ಸ್, ಲೋಹದ ಬಿರುಕು ಹುಡುಕುವ ಯಂತ್ರವನ್ನೇ ಮನುಷ್ಯನ ಎದೆಗೆ ಹಿಡಿದು ಇದಕ್ಕೆ ನಾಂದಿ ಹಾಡಿದರು.

ಬಾಲ್ಯದ ಗಂಟಲುನೋವಿನ ಬೆನ್ನಿಗೆ ಕೆಲವರಿಗೆ ಬರುವ ಸಂಧಿವಾತ ಜ್ವರ ಹೃದಯದ ಕವಾಟಗಳನ್ನು ಕೆಡಿಸುತ್ತದೆ. 4ರಿಂದ 6 ಚದರ ಸೆಂಟಿಮೀಟರು ತೆರೆಯಬೇಕಾದ ಮೈಟ್ರಲ್ ಕವಾಟ 1.5ಕ್ಕೆ ಇಳಿದರೆ ರೋಗ ತೀವ್ರವೆಂದೇ ಲೆಕ್ಕ. ಮುಂದೇನು ಎಂಬುದನ್ನು ಊಹಿಸಲು 1988ರಿಂದ ವಿಲ್ಕಿನ್ಸ್ ಅಂಕಗಳಿವೆ. ಕವಾಟದ ಚಲನೆ, ದಪ್ಪ, ಸುಣ್ಣಗಟ್ಟಿದ ಪ್ರಮಾಣ, ಕೆಳಗಿನ ತಂತುಗಳ ಸ್ಥಿತಿ, ಈ ನಾಲ್ಕನ್ನೂ ಚಿತ್ರದಲ್ಲಿ ನೋಡಿ ಒಂದೊಂದಕ್ಕೆ 1ರಿಂದ 4 ಅಂಕ ಕೊಡುತ್ತಾರೆ. ನಮ್ಮ ಪರೀಕ್ಷೆಯಂತಲ್ಲ, ಇಲ್ಲಿ ಕಡಿಮೆ ಅಂಕದವರೇ ಭಾಗ್ಯವಂತರು! 16ಕ್ಕೆ 8ನ್ನು ಮೀರದಿದ್ದರೆ, ಎದೆ ಸೀಳದೆ ತೊಡೆಯ ರಕ್ತನಾಳದಿಂದ ಬಲೂನು ಕಳುಹಿಸಿ ಕವಾಟವನ್ನು ಅಗಲಿಸುವ ಚಿಕಿತ್ಸೆ ಫಲಿಸುವ ಸಂಭವ ಹೆಚ್ಚು. ಆದರೂ ಅಂಕವೊಂದೇ ಸಾಲದು. ಕವಾಟದ ಸೋರಿಕೆ, ಹೃದಯದೊಳಗಿನ ರಕ್ತದ ಹೆಪ್ಪು, ರೋಗಿಯ ವಯಸ್ಸು ಇವನ್ನೂ ತೂಗಿ ನೋಡಬೇಕು.

ಅವಳ ಅಂಕ 7. "ಇದು ಹಣೇಬಾರ ಅಲ್ರಿ ಅಕ್ಕಾರ, ಮುಂದಿನ ದಾರಿ ಐತಿ" ಎಂದೆ. ಇಂಥ ಬಲೂನು ಚಿಕಿತ್ಸೆಗೆ ಹೆಸರಾದ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಗೆ ಹೋಗಿಬಂದ ಅವಳು ಈಗ ಮತ್ತೆ ತರಗತಿಯಲ್ಲಿದ್ದಾಳೆ. ಜ್ವರ ಮರುಕಳಿಸದಂತೆ ಮೂರು ವಾರಕ್ಕೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ನಡೆದಿದೆ.

ಚಿತ್ರ ಹೇಳುವ ಭವಿಷ್ಯ ಜೋಯಿಸರದಂತಲ್ಲ. ಹೊತ್ತಿಗೆ ಓದಿಕೊಂಡರೆ ಅದನ್ನು ತಿದ್ದಲು ಅವಕಾಶವುಂಟು. ಬೀಳಗಿಯ ಕಡೆಯಿಂದಲೋ ಮುಧೋಳದ ಕಡೆಯಿಂದಲೋ ಬಂದ ಮಗುವೊಂದು ಮೆಟ್ಟಿಲಲ್ಲಿ ಏದುಸಿರುಬಿಟ್ಟು ನಿಂತರೆ ನಾನೀಗ ಗದರಿಸುವುದಿಲ್ಲ. "ಸಣ್ಣಾಕಿ ಇದ್ದಾಗ ಕೀಲುನೋವು, ಜ್ವರ ಬಂದಿದ್ವೇನವ್ವಾ?" ಎಂದು ಕೇಳುತ್ತೇನೆ.