1935ರಲ್ಲಿ ಮುಂಬಯಿಯ ಕನ್ನಡಿಗ ಏನು ಕೇಳಿದ?



ದಹಿಸರ್‌ನಿಂದ ಬೆಳಗಿನ ಚರ್ಚ್‌ಗೇಟ್ ಲೋಕಲ್ ಹಿಡಿದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ನಿಲ್ಲಲು ಒಂದಿಷ್ಟು ಜಾಗ ಹುಡುಕುವವರು ನಿಮ್ಮಲ್ಲಿ ಅನೇಕರಿದ್ದೀರಿ. ಈ ಸಲ ನಿಮ್ಮನ್ನು ಅದೇ ದಾರಿಯಲ್ಲಿ ಹಿಂದಕ್ಕೆ, 1935ನೇ ಇಸವಿಗೆ ಕರೆದೊಯ್ಯುವ ಆಸೆ. ಎರಡು ಮಹಾಯುದ್ಧಗಳ ನಡುವಿನ ವರ್ಷ ಅದು. ಕನ್ನಡದ ಮಟ್ಟಿಗೆ ಆ ವರ್ಷ ಎರಡು ಊರುಗಳಲ್ಲಿ ದೊಡ್ಡ ಕೆಲಸಗಳಾದವು: ಒಂದು ಮೈಸೂರಿನಲ್ಲಿ, ಇನ್ನೊಂದು ನಮ್ಮ ಮುಂಬಯಿಯಲ್ಲೇ.

ಮೊದಲು ದಹಿಸರ್ ಸುದ್ದಿ. ಆಗ ಅದು ಮುಂಬಯಿ ಅಲ್ಲವೇ ಅಲ್ಲ. ವಿದ್ಯುತ್ ಲೋಕಲ್ 1928ರಲ್ಲೇ ಬೋರಿವಲಿಗೆ ಬಂದಿತ್ತು, ಆದರೆ ಅಲ್ಲಿಗೇ ನಿಂತಿತ್ತು. ಬೋರಿವಲಿಯಾಚೆ ಉಗಿಬಂಡಿಯೇ ಗತಿ. ವಿರಾರ್‌ವರೆಗೆ ವಿದ್ಯುತ್ ತಂತಿ ಎಳೆದದ್ದು 1936ರಲ್ಲಿ. ಮಹಾನಗರ ಪಾಲಿಕೆಯ ಗಡಿ ದಹಿಸರ್ ಮುಟ್ಟಬೇಕಾದರೆ 1957 ಬರಬೇಕಾಯಿತು. ಸ್ವಲ್ಪ ಈಚೆಗೆ ಮಲಾಡ್‌ನಲ್ಲಿ ಮಾತ್ರ 1934ರಲ್ಲಿ ಶುರುವಾದ ಬಾಂಬೆ ಟಾಕೀಸ್‌ನ ಗದ್ದಲ.

ಹಾಗಾದರೆ ಕನ್ನಡಿಗರು ಎಲ್ಲಿದ್ದರು? ಕೋಟೆ, ಮಾಟುಂಗ, ಬಂದರಿನ ಆಸುಪಾಸು. ದಕ್ಷಿಣ ಕನ್ನಡದಿಂದ ಹಡಗೇರಿ ಬಂದ ಹುಡುಗರು ಹಗಲು ಹೋಟೆಲಿನಲ್ಲಿ ಲೋಟ ತೊಳೆದು ರಾತ್ರಿ ಶಾಲೆಯಲ್ಲಿ ಅಕ್ಷರ ಕಲಿಯುತ್ತಿದ್ದರು. ಧಾರವಾಡ, ಬಿಜಾಪುರದವರು ಹೈಕೋರ್ಟಿನ ಕೆಲಸಕ್ಕೋ ಓದಿಗೋ ಬರುತ್ತಿದ್ದರು. ಧಾರವಾಡದ ಕರ್ನಾಟಕ ಕಾಲೇಜು ಕೂಡ ಆಗ ಮುಂಬಯಿ ವಿಶ್ವವಿದ್ಯಾಲಯಕ್ಕೇ ಸೇರಿತ್ತು. ಮೈಸೂರಿನವರು 1926ರಲ್ಲಿ ಮೈಸೂರು ಅಸೋಸಿಯೇಶನ್ ಕಟ್ಟಿಕೊಂಡಿದ್ದರು. 1933ರಲ್ಲಿ ಕರ್ನಾಟಕ ಸಂಘ ಹುಟ್ಟಿತ್ತು.

ಇಲ್ಲೊಂದು ವಿಷಯ ಗಮನಿಸಿ. ಆಗ ಕನ್ನಡನಾಡು ಎಂಬುದು ಒಂದು ಸರಕಾರದ ಕೆಳಗೆ ಇರಲಿಲ್ಲ. ಬೆಳಗಾವಿ, ಧಾರವಾಡ, ಬಿಜಾಪುರ, ಕಾರವಾರ ಮುಂಬಯಿ ಪ್ರಾಂತ್ಯದಲ್ಲಿ, ಮಂಗಳೂರು, ಬಳ್ಳಾರಿ ಮದರಾಸಿನಲ್ಲಿ, ರಾಯಚೂರು, ಕಲಬುರ್ಗಿ, ಬೀದರ್ ನಿಜಾಮನಲ್ಲಿ, ಮೈಸೂರು ಒಡೆಯರಲ್ಲಿ, ಕೊಡಗು ಪ್ರತ್ಯೇಕ, ನಡುನಡುವೆ ಜಮಖಂಡಿ, ಮುಧೋಳ, ಸಂಡೂರಿನಂಥ ಪುಟ್ಟ ಸಂಸ್ಥಾನಗಳು. ಊರಿನಲ್ಲಿ ಒಬ್ಬರನ್ನೊಬ್ಬರು ನೋಡದ ಈ ಕನ್ನಡಿಗರು ಒಂದೇ ಚಾಳಿನ ನಲ್ಲಿಯ ಮುಂದೆ ಸಾಲು ನಿಂತದ್ದು ಮುಂಬಯಿಯಲ್ಲಿ. ನನ್ನನ್ನು ಕೇಳಿದರೆ, ಏಕೀಕರಣ ಭೂಪಟಕ್ಕೆ ಬರುವ ಮೊದಲೇ ಇಲ್ಲಿನ ನಲ್ಲಿಕಟ್ಟೆಗೆ ಬಂದಿತ್ತು!

ಇಂಥ ಊರಿಗೆ 1935ರಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ಬಂತು, 21ನೆಯದು. ಹಿಂದಿನ ವರ್ಷ ರಾಯಚೂರಿನಲ್ಲಿ ಪಂಜೆ ಮಂಗೇಶರಾಯರು ಅಧ್ಯಕ್ಷರಾಗಿದ್ದರು. ಮುಂಬಯಿಯ ಅಧ್ಯಕ್ಷರು ಕವಿಯೂ ಅಲ್ಲ, ಕಾದಂಬರಿಕಾರರೂ ಅಲ್ಲ. ಮೈಸೂರು ಮಹಾರಾಜಾ ಕಾಲೇಜಿನ ಅರ್ಥಶಾಸ್ತ್ರದ ಮೇಷ್ಟ್ರು ಎನ್. ಎಸ್. ಸುಬ್ಬರಾವ್, ಮುಂದೆ ಮೈಸೂರು ವಿಶ್ವವಿದ್ಯಾಲಯದ ಕುಲಪತಿಯಾದವರು. ಪೇಟೆಯ ಊರಿಗೆ ಅರ್ಥಶಾಸ್ತ್ರಜ್ಞ ಸರಿಯಾಗಿಯೇ ಹೊಂದಿದರು ಎಂದು ತಮಾಷೆಗೆ ಹೇಳಬಹುದು. ಆದರೆ ಕನ್ನಡ ಕಥೆ ಕವನಕ್ಕೆ ಮಾತ್ರವಲ್ಲ, ಲೆಕ್ಕ, ವಿಜ್ಞಾನ, ಆಡಳಿತಕ್ಕೂ ಬೇಕಾದ ಭಾಷೆ ಎಂಬ ಮಾತಿಗೆ ಆ ಆಯ್ಕೆಯೇ ಒಂದು ಸಾಕ್ಷಿ ಎನಿಸುತ್ತದೆ ನನಗೆ.

ಅದೇ ವರ್ಷ ಆಗಸ್ಟ್ 2ರಂದು ಲಂಡನ್ನಿನಲ್ಲಿ ಭಾರತ ಸರಕಾರದ ಕಾಯ್ದೆಗೆ ರಾಜನ ಅಂಕಿತ ಬಿತ್ತು. ಅದರ ಪ್ರಕಾರ 1936ರ ಏಪ್ರಿಲ್ 1ರಂದು ಸಿಂಧ್ ಮುಂಬಯಿ ಪ್ರಾಂತ್ಯದಿಂದ ಬೇರೆಯಾಯಿತು. ಅದೇ ದಿನ ಒರಿಯಾ ಮಾತನಾಡುವವರಿಗೆ ಒರಿಸ್ಸಾ ಪ್ರಾಂತ್ಯ ಸಿಕ್ಕಿತು. ಕನ್ನಡಿಗರಿಗೆ? ಏನೂ ಇಲ್ಲ. 1924ರಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಜತೆಗೇ ಏಕೀಕರಣ ಪರಿಷತ್ತು ಸೇರಿ ಹನ್ನೊಂದು ವರ್ಷ ಕಳೆದಿತ್ತು. ಕಾಂಗ್ರೆಸ್ ತನ್ನ ಮಟ್ಟಿಗೆ ಕರ್ನಾಟಕಕ್ಕೆ ಬೇರೆ ಪ್ರಾಂತಿಕ ಸಮಿತಿಯನ್ನೇ ಕೊಟ್ಟಿತ್ತು. ಸರಕಾರದ ನಕ್ಷೆಯಲ್ಲಿ ಮಾತ್ರ ಧಾರವಾಡದವನ ಅರ್ಜಿ ಮುಂಬಯಿಗೆ, ಮಂಗಳೂರಿನವನದು ಮದರಾಸಿಗೆ ಹೋಗುವುದು ತಪ್ಪಲಿಲ್ಲ. ಅದು ತಪ್ಪಿದ್ದು 1956ರ ನವೆಂಬರ್ 1ಕ್ಕೆ. 1935ರಲ್ಲಿ ಹುಟ್ಟಿದ ಮಗುವಿಗೆ ಆಗ ಇಪ್ಪತ್ತೊಂದು ವರ್ಷ.

ಈಗ ನಮ್ಮ ಕಸುಬಿನ ವಿಷಯಕ್ಕೆ ಬರೋಣ: ರೇಡಿಯೋ!

ಮುಂಬಯಿಗೆ ರೇಡಿಯೋ ನಿಲಯ ಬಂದದ್ದು 1927ರ ಜುಲೈ 23ರಂದು, ಒಂದು ಖಾಸಗಿ ಕಂಪನಿಯಿಂದ. ಮೂರು ವರ್ಷದೊಳಗೆ ಕಂಪನಿ ಮುಳುಗಿ, 1930ರಲ್ಲಿ ನಿಲಯ ಸರಕಾರದ ಕೈಗೆ ಬಂತು. ಪ್ರಸಾರ ಯಂತ್ರದ ಶಕ್ತಿ ಒಂದೂವರೆ ಕಿಲೋವಾಟ್. ಚೆನ್ನಾಗಿ ಕೇಳಿಸುತ್ತಿದ್ದದ್ದು ಸುಮಾರು 48 ಕಿಲೋಮೀಟರ್ ದೂರಕ್ಕೆ. ಚರ್ಚ್‌ಗೇಟ್‌ನಿಂದ ದಹಿಸರ್‌ಗೆ ರೈಲು ದಾರಿ ಹೆಚ್ಚುಕಡಿಮೆ 36 ಕಿಲೋಮೀಟರ್. ಅಂದರೆ ಲೋಕಲ್ ಬಾರದ ದಹಿಸರ್‌ಗೆ ರೇಡಿಯೋ ಅಲೆ ಬರುತ್ತಿತ್ತು. ಆದರೆ ಸೆಟ್ಟು ಇದ್ದವರಿಗೆ ಮಾತ್ರ, ಅದೂ ವರ್ಷಕ್ಕೆ ಹತ್ತು ರೂಪಾಯಿ ಲೈಸೆನ್ಸ್ ಕಟ್ಟಿದವರಿಗೆ.

ಮೈಸೂರಿನಲ್ಲಿ ಇಂಥ ಕಂಪನಿಯೂ ಇರಲಿಲ್ಲ, ಸರಕಾರಿ ನಿಲಯವೂ ಇರಲಿಲ್ಲ. ಮಹಾರಾಜಾ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿ 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಲ್ಲೇ ಒಂದು ನಿಲಯ ಆರಂಭಿಸಿದರು. ಶಕ್ತಿ ಎಷ್ಟು ಗೊತ್ತೇ? ಮೂವತ್ತು ವಾಟ್. ಮನೆಯ ಹಳೇ ಟ್ಯೂಬ್‌ಲೈಟ್ ನಲವತ್ತು ವಾಟ್ ತಿನ್ನುತ್ತಿತ್ತು! ಮುಂಬಯಿ ನಿಲಯದ ಐವತ್ತರಲ್ಲೊಂದು ಪಾಲು. ಇಷ್ಟರಿಂದ ಏನಾಗುತ್ತದೆ ಎನ್ನಬೇಡಿ. ಊರಿಗೊಂದು ದನಿ ಬೇಕೆಂದರೆ ಊರಿನಷ್ಟು ಶಕ್ತಿ ಸಾಕು. ಸುತ್ತಲಿನ ಮನೆಗಳಿಗೆ ಸಂಗೀತ, ಭಾಷಣ, ಕವಿತೆ ತಲುಪಿತು. ಮೊದಲ ದಿನಗಳಲ್ಲೇ ಕುವೆಂಪು ಅಲ್ಲಿ ಕವಿತೆ ಓದಿದರೆಂದು ಹೇಳುತ್ತಾರೆ. ಅವರೂ ಅದೇ ಕಾಲೇಜಿನ ಕನ್ನಡ ಅಧ್ಯಾಪಕರು. ಸಮ್ಮೇಳನದ ಅಧ್ಯಕ್ಷರು, ರೇಡಿಯೋ ಕಟ್ಟಿದವರು, ಕವಿತೆ ಓದಿದವರು ಎಲ್ಲರೂ ಒಂದೇ ಕಾಲೇಜಿನವರು ಎಂದರೆ ಆ ಕಾಲೇಜಿನ ಕಾರಿಡಾರಿನಲ್ಲಿ ಆಗ ಎಂಥ ಗಾಳಿ ಬೀಸುತ್ತಿತ್ತೋ!

ನಿಲಯಕ್ಕೆ ಹೆಸರಿಟ್ಟರು: ಆಕಾಶವಾಣಿ. ಈ ಹೆಸರು ಸೂಚಿಸಿದವರು ನಾ. ಕಸ್ತೂರಿ ಎಂಬುದು ಪ್ರಚಲಿತ ಮಾತು. ಕಸ್ತೂರಿಯವರು ಕೇರಳದಲ್ಲಿ ಹುಟ್ಟಿದವರು, ಮನೆಮಾತು ಮಲಯಾಳಂ. ಕನ್ನಡ ಕಲಿತು ಕನ್ನಡದಲ್ಲೇ ಹಾಸ್ಯ ಬರೆದು ಹೆಸರಾದವರು. ಪರಭಾಷೆಯ ಊರಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಈ ವಿವರ ಹತ್ತಿರದ್ದಲ್ಲವೇ?

ದಿಲ್ಲಿಯ ಸರಕಾರಿ ರೇಡಿಯೋ 1936ರ ಜೂನ್‌ನಲ್ಲಿ ‘ಆಲ್ ಇಂಡಿಯಾ ರೇಡಿಯೋ’ ಆಯಿತು. ಅದು ‘ಆಕಾಶವಾಣಿ’ ಎಂಬ ಮೈಸೂರಿನ ಹೆಸರನ್ನು 1950ರ ದಶಕದಲ್ಲಿ ತನ್ನದಾಗಿಸಿಕೊಂಡಿತು. 2023ರಲ್ಲಿ ಇಂಗ್ಲಿಷ್ ಹೆಸರನ್ನೂ ಬಿಟ್ಟು ಅದೊಂದನ್ನೇ ಉಳಿಸಿಕೊಂಡಿತು. ಮೈಸೂರಿನ ನಿಲಯ ಮಾತ್ರ 1955ರಲ್ಲಿ ಬೆಂಗಳೂರಿಗೆ ಸ್ಥಳಾಂತರವಾಗಿ, ಮೈಸೂರಿಗೆ ಮತ್ತೆ ನಿಲಯ ಬರಲು 1974ರವರೆಗೆ ಕಾಯಬೇಕಾಯಿತು. ಹೆಸರು ಕೊಟ್ಟ ಊರಿಗೇ ಹತ್ತೊಂಬತ್ತು ವರ್ಷ ದನಿಯಿಲ್ಲ!

ಸಮ್ಮೇಳನ ಮತ್ತೆ ಮುಂಬಯಿಗೆ ಬಂದದ್ದು 1951ರಲ್ಲಿ, ಮಂಜೇಶ್ವರದ ಗೋವಿಂದ ಪೈಗಳ ಅಧ್ಯಕ್ಷತೆಯಲ್ಲಿ. ಅದಕ್ಕೆ ಹೋಗಿದ್ದ ಹಿರಿಯರು ನಿಮ್ಮ ಬಿಲ್ಡಿಂಗಿನಲ್ಲೇ ಇರಬಹುದು. 1935ರದ್ದಾದರೆ ನೆನಪು ಹೇಳುವವರು ಸಿಗುವುದು ಕಷ್ಟ. ಆದರೆ ಅಜ್ಜನ ಟ್ರಂಕಿನ ತಳದಲ್ಲಿ ಆಮಂತ್ರಣ ಪತ್ರಿಕೆಯೋ, ಗುಂಪಿನ ಫೋಟೋವೋ, ಹಳೆಯ ರೇಡಿಯೋ ಲೈಸೆನ್ಸ್ ಪುಸ್ತಕವೋ ಇರಬಾರದೆಂದಿಲ್ಲ. ಈ ಭಾನುವಾರ ಅಟ್ಟದ ಮೇಲೊಮ್ಮೆ ನೋಡಿ. ಸಿಕ್ಕರೆ ನಮಗೊಂದು ಸಾಲು ಬರೆಯಿರಿ. ರದ್ದಿಯವನಿಗೆ ಮಾತ್ರ ಕೊಡಬೇಡಿ.