ಬಿದ್ದ ಹಾಲುಹಲ್ಲಿನ ಬೇರು ಎಲ್ಲಿ?

ಪ್ರಶ್ನೆ: ನಾನು ದವಡೆ ಹಲ್ಲು ಕೀಳಿಸಿದಾಗ ಅದಕ್ಕೆ ಉದ್ದನೆಯ ಬೇರಿತ್ತು. 6 ವರ್ಷದ ಮಗಳಿಗೆ ಮೊದಲು ಬಿದ್ದ ಹಲ್ಲಿನಲ್ಲಿ ಬೇರಿನ ಸುಳಿವೇ ಇಲ್ಲ. ಮುರಿದು ಒಳಗೇ ಉಳಿಯಿತೇ?

ಇಲ್ಲ, ಗಾಬರಿ ಬೇಡ. ಹಾಲುಹಲ್ಲಿಗೂ ಬೇರಿರುತ್ತದೆ; ಬೀಳುವ ಹೊತ್ತಿಗೆ ಕರಗಿಹೋಗಿರುತ್ತದೆ, ಅಷ್ಟೇ. ಅದರ ಬುಡದ ಬಳಿ, ದವಡೆಯ ಮೂಳೆಯೊಳಗೆ ಶಾಶ್ವತ ಹಲ್ಲು ಬೆಳೆಯುತ್ತಿರುತ್ತದೆ. ಅದು ಮೇಲೇರತೊಡಗಿದಂತೆ, ನಡುವೆ ಸೇರಿಕೊಳ್ಳುವ ವಿಶೇಷ ಜೀವಕೋಶಗಳು ಆಮ್ಲ, ಕಿಣ್ವಗಳನ್ನು ಸ್ರವಿಸಿ ಹಾಲುಹಲ್ಲಿನ ಬೇರನ್ನು ಕರಗಿಸುತ್ತ ಬರುತ್ತವೆ.

ಗೆದ್ದಲು ತಿಂದ ಬೇಲಿಗೂಟ ನೋಡಿದ್ದೀರಲ್ಲ? ಮೇಲೆ ನೆಟ್ಟಗೆ ನಿಂತಿರುತ್ತದೆ, ನೆಲದೊಳಗಿನ ಭಾಗ ಮಾಯ. ಎಮ್ಮೆ ಮೈಯುಜ್ಜಿದರೆ ಸಾಕು, ಉರುಳುತ್ತದೆ. ಮಗಳ ಹಲ್ಲೂ ಹಾಗೇ, ಚಕ್ಕುಲಿ ಕಚ್ಚುವಾಗಲೋ ನಾಲಿಗೆಯಲ್ಲಿ ತಳ್ಳುವಾಗಲೋ ಕಳಚಿರುತ್ತದೆ. ತಿರುಗಿಸಿ ನೋಡಿ: ಅಡಿಯಲ್ಲಿ ಕೆರೆದಂಥ ಒರಟು ಅಂಚು, ನಡುವೆ ಪುಟ್ಟ ಗುಳಿ. (ಈಗಾಗಲೇ ಹೆಂಚಿನ ಮೇಲೆ ಎಸೆದಾಗಿದ್ದರೆ ಮುಂದಿನದಕ್ಕೆ ಕಾಯಿರಿ, ಇನ್ನೂ 19 ಇವೆ!) ಕೊನೆಯದು ಬೀಳುವಾಗ ಅವಳಿಗೆ ಸುಮಾರು 12 ವರ್ಷವಾಗಿರುತ್ತದೆ.

ಕೆಲವು ಮಕ್ಕಳಿಗೆ ಹಾಲುಹಲ್ಲಿನ ಹಿಂದೆಯೇ ಹೊಸ ಹಲ್ಲು ಮೂಡಿ ಎರಡು ಸಾಲಾಗುವುದುಂಟು. ಹಾಗಾದಾಗ ಮುಂದಿನ ಹಲ್ಲು ಅಲುಗುತ್ತಿದ್ದರೆ ಸುಮ್ಮನಿರಿ, ಅಲುಗದಿದ್ದರೆ ದಂತವೈದ್ಯರಿಗೆ ತೋರಿಸಿ.